ರೈತನದು ಸಾಲ, ಕಾರ್ಖಾನೆಯದು ಬಾಕಿ

ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದ ದಿನಗಳಲ್ಲಿ ‘ಸಾಲಬಾಧೆ: ರೈತ ಆತ್ಮಹತ್ಯೆ’ ಎಂಬ ತಲೆಬರಹವನ್ನು ನಾನೇ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ. ಸಿಂಗಲ್ ಕಾಲಮ್ಮಿನಲ್ಲಿ ಎರಡು ಸಾಲಿಗೆ ಸರಿಯಾಗಿ ಕೂರುತ್ತಿದ್ದ, ರಾತ್ರಿ ಪುಟ ಬಿಡುವ ಅವಸರದಲ್ಲಿ ಕೈಗೆ ತಾನಾಗಿ ಬರುತ್ತಿದ್ದ ಮಾತು ಅದು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗಲೂ ಅದನ್ನೇ ಬಳಸಿದೆವು.

‘ಬಾಧೆ’ ಎಂಬ ನಾಮಪದದ ಸಹವಾಸವನ್ನು ಗಮನಿಸಿ: ಕೀಟಬಾಧೆ, ಪ್ರೇತಬಾಧೆ (ಜಲಬಾಧೆಯ ಮಾತು ಬೇಡ). ಇವು ತಗುಲುವಂಥವು, ತಗುಲಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಸಾಲಕ್ಕಾದರೆ ಕೊಟ್ಟವನೊಬ್ಬನಿರುತ್ತಾನೆ, ಬಡ್ಡಿಯ ದರವಿರುತ್ತದೆ, ತೀರಿಸಲು ನಂಬಿಕೊಂಡಿದ್ದ ಹಣ ಎಲ್ಲಿಯೋ ನಿಂತಿರುತ್ತದೆ. ಅದರ ಬೆನ್ನಿಗೆ ಬಾಧೆಯನ್ನು ಕಟ್ಟಿದೊಡನೆ ಇವೆಲ್ಲ ಮರೆಯಾಗಿ, ರೈತನ ಮೈಯಲ್ಲಿ ಹುಟ್ಟಿ ಅಲ್ಲೇ ಮುಗಿದ ಕಾಯಿಲೆಯೊಂದು ಉಳಿಯುತ್ತದೆ.

ಪಾಂಡವಪುರದ ಕಡೆಯ ನಮ್ಮೂರಿನಲ್ಲಿ ಅಪ್ಪ, ಕಬ್ಬಿನ ತೂಕದ ಚೀಟಿಗಳನ್ನು ಮಡಿಸಿ ಒಂಟಿಕೊಪ್ಪಲ್ ಪಂಚಾಂಗದ ಹಾಳೆಗಳ ನಡುವೆ ಇಡುತ್ತಿದ್ದರು. ಕಟಾವಾಗಿ ಐದು ತಿಂಗಳಾದರೂ ಸಕ್ಕರೆ ಕಾರ್ಖಾನೆಯಿಂದ ದುಡ್ಡು ಬಾರದ ವರ್ಷ, ನಾನು ತಂದಿದ್ದ ಪೇಪರನ್ನು ಓದಿ ಅವರು ಕೇಳಿದ್ದು ಇಷ್ಟೆ: “ಅವ್ರು ಕೊಡ್ಬೇಕಾದ್ದು ಬಾಕಿ, ನಾನ್ ಕಟ್ಬೇಕಾದ್ದು ಸಾಲ. ಎಲ್ಡೂ ದುಡ್ಡೇ ಅಲ್ವೇನ್ಲಾ?”

ಕಾನೂನೂ ಅಪ್ಪನ ಪಕ್ಷವೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರುತ್ತದೆ. ಬಡ್ಡಿ ಬೆಳೆಯುವ ಹಣಕ್ಕೆ ಹಳ್ಳಿಯಲ್ಲಿ ಇರುವ ಹೆಸರು ಸಾಲವೊಂದೇ. ಆದರೂ ಕಾರ್ಖಾನೆಯನ್ನು ‘ಸಾಲಗಾರ’ ಎಂದು ಕರೆದ ತಲೆಬರಹವನ್ನು ನಾನು ಕೊಟ್ಟಿಲ್ಲ, ಬೇರೆಯವರು ಕೊಟ್ಟದ್ದನ್ನು ಕಂಡ ನೆನಪೂ ಇಲ್ಲ. ಆ ಬಾಕಿಗಾಗಿ ಬೆಳೆಗಾರರು ಮಂಡ್ಯದ ಸಂಜಯ ವೃತ್ತದಲ್ಲಿ ಕೂತರೆ ಮರುದಿನ ‘ರಸ್ತೆತಡೆ: ಪ್ರಯಾಣಿಕರ ಪರದಾಟ’ ಎಂದು ಬರೆಯುತ್ತಿದ್ದೆವು, ಪರದಾಟವೂ ಬಸ್ಸಿನಲ್ಲಿ ಕೂತವರ ಪಾಲಿಗೇ ಹೋಯಿತು.

ಒಂದು ಸಾವಿಗೆ ಒಂದೇ ಕಾರಣ ಹಚ್ಚಬಾರದು, ಕೈಸಾಲ, ಮಳೆ, ಮನೆಯ ಸಂಕಟ ಎಲ್ಲವೂ ಕೂಡಿರುತ್ತವೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ‘ಸಾಲಬಾಧೆ’ಯೂ ಒಂದೇ ಕಾರಣವಲ್ಲವೇ? ಒಮ್ಮೆ, ವರದಿಗಾರರು ಕಳಿಸಿದ ಸುದ್ದಿಯೊಳಗೇ ಬಾಕಿಯ ಪ್ರಸ್ತಾಪವಿದ್ದುದರಿಂದ, ‘ಕಬ್ಬಿನ ಹಣ ಬಾರದೆ ನೊಂದಿದ್ದ ರೈತ ಆತ್ಮಹತ್ಯೆ’ ಎಂದು ಕೊಟ್ಟೆ. ಪುಟ ನೋಡುತ್ತಿದ್ದ ಹಿರಿಯರು ಕನ್ನಡಕ ಮೇಲೇರಿಸಿ, “ಬಾಕಿ ಇತ್ತು ಅನ್ನೋದಕ್ಕೆ ದಾಖಲೆ ಇದೆಯೇನಪ್ಪಾ?” ಎಂದರು. ಇರಲಿಲ್ಲ. ಅವರು ಅದನ್ನು ಹೊಡೆದು ‘ಸಾಲಬಾಧೆ’ ಎಂದು ಬರೆದರು. ಆ ಸಾಲಕ್ಕೂ ನಮ್ಮಲ್ಲಿ ದಾಖಲೆ ಇರಲಿಲ್ಲ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.