ಕೋಡುಬಳೆ, ಬೈನಾಕ್ಯುಲರ್ ಮತ್ತು ರಾಜಹಂಸ

"ಭಾವ, ನಕುರು ಸರೋವರ ನೋಡದೆ ಹೋಗೋ ಹಾಗಿಲ್ಲ. ಅಷ್ಟು ರಾಜಹಂಸ, ಅದೇ ಫ್ಲೆಮಿಂಗೊ, ನೀರೇ ಕಾಣಲ್ಲ, ಬರೀ ಗುಲಾಬಿ ಬಣ್ಣ" ಎಂದಿದ್ದ ನೈರೋಬಿಯಲ್ಲಿರುವ ನನ್ನ ಭಾವಮೈದ. ಅವನೂ ಅಲ್ಲಿಗೆ ಹೋಗಿರಲಿಲ್ಲ, ಹಳೇ ಕ್ಯಾಲೆಂಡರಿನ ಚಿತ್ರ ನೋಡಿ ಹೇಳಿದ್ದ ಎನ್ನುವುದು ನೂರರವತ್ತು ಕಿಲೋಮೀಟರ್ ಹೋದಮೇಲೆ ಗೊತ್ತಾಯಿತು.

ಎಡವಟ್ಟು ಶುರುವಾಗಿದ್ದು ಪಾರ್ಕಿನ ಗೇಟಿನಲ್ಲಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ಬಂದ್. ರಾಷ್ಟ್ರೀಯ ಉದ್ಯಾನಗಳಲ್ಲಂತೂ 2020ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೇ ಪ್ರವೇಶವಿಲ್ಲ. ನಮ್ಮತ್ತೆ ಊರಿಂದ ಹೊತ್ತು ತಂದಿದ್ದ ಕೋಡುಬಳೆಯೆಲ್ಲ ಇದ್ದದ್ದು ಪ್ಲಾಸ್ಟಿಕ್ ಕವರಿನಲ್ಲೇ. ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಕೂತಿತ್ತು. ನಾನು ಬುದ್ಧಿ ಓಡಿಸಿ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು, ಅದರ ಚರ್ಮದ ಚೀಲಕ್ಕೆ ಕೋಡುಬಳೆ ಸುರಿದೆ. ಹೆಂಡತಿ ಏನೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅದರ ಅರ್ಥ ನನಗೆ ತಿಳಿದಿರಬೇಕಿತ್ತು.

ಒಳಗೆ ಹೋದರೆ ಗುಲಾಬಿಯೂ ಇಲ್ಲ, ಗಿಲಾಬಿಯೂ ಇಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಕೆರೆ ಉಬ್ಬುತ್ತಲೇ ಬಂದು ಹಳೇ ಗೇಟನ್ನೇ ನುಂಗಿದೆ. ದಡದ ಮರಗಳು ನೀರಿನಲ್ಲಿ ಒಣಗಿ ನಿಂತಿವೆ. ನೀರು ಹೆಚ್ಚಾಗಿ ಉಪ್ಪು-ಸೋಡಾ ತೆಳುವಾದರೆ ರಾಜಹಂಸ ತಿನ್ನುವ ಪಾಚಿ ಕಡಿಮೆಯಾಗುತ್ತದೆ. ಹಾಗಾಗಿ ಅವು ಬೊಗೋರಿಯಾದಂಥ ಬೇರೆ ಕೆರೆಗಳ ಕಡೆ ಗುಳೆ ಹೋಗಿವೆ ಎಂದ ಡ್ರೈವರ್. ಆ ಪಾಚಿ ಸ್ಪಿರುಲಿನಾ ಜಾತಿಯದು, ಹಕ್ಕಿಗೆ ಬಣ್ಣ ಬರುವುದೇ ಅದರಿಂದ. ಮೆಡಿಕಲ್ ಶಾಪಿನ ಸ್ಪಿರುಲಿನಾ ಮಾತ್ರೆಯನ್ನು ಆರು ತಿಂಗಳು ನುಂಗಿದವನು ನಾನು. ಕೆನ್ನೆಗೂ ಬಣ್ಣ ಬಂದಿಲ್ಲ.

ಗುಡ್ಡದ ಮೇಲಿನ ಬಬೂನ್ ಕ್ಲಿಫ್‌ನಲ್ಲಿ ಕಾರು ನಿಂತಿತು. "ಕಿಟಕಿ ಇಳಿಸಬೇಡಿ" ಎಂದು ಡ್ರೈವರ್ ಎರಡು ಸಲ ಹೇಳಿದ್ದ. ಗಾಜಿನ ಹಿಂದಿನಿಂದ ಫೋಟೋ ಚೆನ್ನಾಗಿ ಬರುತ್ತದೆಯೇ, ನೀವೇ ಹೇಳಿ. ಇಳಿಸಿದೆ. ಕೂದಲು ತುಂಬಿದ ಒಂದು ಕೈ ಒಳಗೆ ಬಂತು. ಬಾಳೆಹಣ್ಣು ಮುಟ್ಟಲಿಲ್ಲ, ಕ್ಯಾಮೆರಾ ಮುಟ್ಟಲಿಲ್ಲ, ನೇರ ಚೀಲಕ್ಕೇ. ಬಾನೆಟ್ ಮೇಲೆ ನಮ್ಮ ಕಡೆ ಮುಖಮಾಡಿ ಕೂತ ಆ ಬಬೂನು ಒಂದು ಕೋಡುಬಳೆ ತೆಗೆದು ಮೂಸಿತು, ಸುತ್ತ ತಿರುಗಿಸಿ ನೋಡಿತು, ಕಟುಂ ಎಂದು ಕಡಿಯಿತು. ಖಾರಕ್ಕೆ ಉಗಿಯುತ್ತದೆ ಅಂತ ಕಾದೆವು. ಕಣ್ಣು ಪಿಳಿಪಿಳಿ ಮಾಡಿ ಎರಡನೆಯದಕ್ಕೆ ಕೈಹಾಕಿತು.

"ಪಾಪ, ಹದ ಸರಿಯಾಗಿದೆ ಅನ್ಸುತ್ತೆ" ಎಂದರು ಅತ್ತೆ. ನಾನು ನಲವತ್ತು ತಿಂದರೂ ಅವರ ಮುಖದಲ್ಲಿ ಆ ತೃಪ್ತಿ ಕಂಡಿರಲಿಲ್ಲ.

ಚೀಲ ಹೋಯಿತು, ಎಣ್ಣೆ ಉಳಿಯಿತು. ಕೋಡುಬಳೆ ತುಂಬಿದ ಕೈಯಲ್ಲೇ ನಾನು ಬೈನಾಕ್ಯುಲರಿನ ಗಾಜು ಹಿಡಿದಿದ್ದೆ. "ಕಿಫಾರು, ಕಿಫಾರು!" ಎಂದು ಡ್ರೈವರ್ ಪಿಸುಗುಟ್ಟಿದಾಗ ಎಲ್ಲರೂ ಖಡ್ಗಮೃಗ ನೋಡಿದರು, ಕರುವಿನ ಸಮೇತ. ನನಗೆ ಕಂಡದ್ದು ಹಿಂಗಿನ ವಾಸನೆಯ ಮಂಜು.

ಮಾರನೇ ದಿನ ಭೂಮಧ್ಯರೇಖೆ ದಾಟಿ ಬೊಗೋರಿಯಾಕ್ಕೆ ಹೋದೆವು. ಅಲ್ಲಿದ್ದವು! ಕುದಿಯುವ ಬುಗ್ಗೆಗಳ ಹಬೆ, ಅದರಾಚೆ ಸಾವಿರಾರು ರಾಜಹಂಸ, ಕೊಕ್ಕು ತಲೆಕೆಳಗು ಮಾಡಿ ನೀರು ಸೋಸುತ್ತಿವೆ. ನಡುವೆ ಕೆಲವು ಬೂದು ಹಕ್ಕಿ. "ಇವು ಬೇರೆ ಜಾತಿ" ಎಂದು ವಿವರಿಸಿದೆ. "ಮರಿಗಳು ಸಾರ್" ಎನ್ನುವ ಅರ್ಥದ್ದೇನೋ ಹೇಳಿ ಡ್ರೈವರ್ ನಕ್ಕ.

ಹತ್ತಿರದ ಫೋಟೋಗೆಂದು ನಾಲ್ಕು ಹೆಜ್ಜೆ ಇಟ್ಟೆ. ನಾಲ್ಕನೆಯದು ಮೊಣಕಾಲಿನವರೆಗೆ ಹೂತಿತು. ಭಾವಮೈದ ಎಳೆದ, ಕಾಲು ಬಂತು, ಶೂ ಬರಲಿಲ್ಲ. ಅತ್ತೆ ಆ ಕೆಸರನ್ನು ಬೆರಳಲ್ಲಿ ತಿಕ್ಕಿ, "ಅಯ್ಯೋ, ಇದು ಚೌಳು ಮಣ್ಣು ಕಣ್ರೀ ಅಳಿಯಂದ್ರೇ! ನಮ್ಮೂರಲ್ಲಿ ಅಗಸರು ಬಟ್ಟೆ ಒಗೆಯೋಕೆ ಇಂಥದ್ದನ್ನೇ ತರ್ತಿದ್ರು" ಎಂದರು.

ನೈರೋಬಿಗೆ ಬಂದು ಪ್ಯಾಂಟು ಒಗೆದು ಹಗ್ಗಕ್ಕೆ ಹಾಕಿದರೆ ಬಲಗಾಲು ಹಳೇ ಖಾಕಿ, ಎಡಗಾಲು ಮೊಣಕಾಲಿನಿಂದ ಕೆಳಗೆ ಬಿಳಿಚಿ ಫಳಫಳ. ಅತ್ತೆ ಕಾಫಿ ಲೋಟ ಹಿಡಿದು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಇನ್ನೊಂದು ಕಾಲೂ ಇಟ್ಟುಬಿಡಬೇಕಿತ್ತು ನೀವು."