ಜಾತ್ರೆಯ ಮುಸುರೆ ನೀರಿನ ಲೆಕ್ಕ

ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಂಥ ಜನಜಾತ್ರೆಗೆ ಎಷ್ಟು ಟ್ಯಾಂಕರ್ ನೀರು ಬೇಕೆಂದು ಜಾತ್ರೆಯ ನೀರಿನ ವ್ಯವಸ್ಥೆ ಕುರಿತು ನಾನು ಓದಿದ ಲೇಖನವೊಂದು ಚೆನ್ನಾಗಿ ಹೇಳಿದೆ. ಆದರೆ ಅನ್ನಸಂತರ್ಪಣೆಯ ಮುಸುರೆ ನೀರು ಎಲ್ಲಿಗೆ ಹೋಗಬೇಕು ಅನ್ನುವುದು ಅದರಲ್ಲಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ನೇರವಾಗಿ ಇಂಗುಗುಂಡಿಗೆ (ನೀರು ನೆಲಕ್ಕಿಳಿಯಲೆಂದು ಜಲ್ಲಿ ತುಂಬಿದ ಗುಂಡಿ) ಬಿಟ್ಟರೆ ಎಣ್ಣೆ, ಅನ್ನದಗುಳು ಜಲ್ಲಿಯ ಮೇಲೆ ಪದರ ಕಟ್ಟಿ ಗುಂಡಿ ಬೇಗ ಉಕ್ಕುತ್ತದೆ.

ಮೊದಲು ಜರಡಿ, ಆಮೇಲೆ 200 ಲೀಟರಿನ ಎರಡು ಡ್ರಮ್ ಸಾಲಾಗಿ ಇಡಿ. ಹೊರಹೋಗುವ ಪೈಪಿಗೆ ಡ್ರಮ್ಮಿನ ಒಳಗೆ ಟೀ (T ಆಕಾರದ, ಮೂರು ಬಾಯಿಯ ಪೈಪ್ ತುಂಡು) ಜೋಡಿಸಿ, ಕೆಳಬಾಯಿ ನೀರಿನ ಮಟ್ಟದಿಂದ ಒಂದಡಿ ಕೆಳಗಿರಲಿ. ಜಿಡ್ಡು ಮೇಲೆ ತೇಲಿ ನಿಲ್ಲುತ್ತದೆ, ನಡುವಿನ ನೀರಷ್ಟೇ ಮುಂದೆ ಹೋಗುತ್ತದೆ. ಟೀಯ ಮೇಲ್ಬಾಯಿ ನೀರಿಗಿಂತ ಮೇಲೆ, ತೆರೆದೇ ಇರಬೇಕು. ಮುಚ್ಚಿದರೆ ಸೈಫನ್ ಆಗಿ, ಅಂದರೆ ಪೈಪು ತಾನೇ ನೀರನ್ನು ಎಳೆದುಕೊಂಡು, ಡ್ರಮ್ಮಿನ ನೀರು ಕೆಳಬಾಯಿಯವರೆಗೂ ಇಳಿಯಬಹುದು, ಆಗ ಜಿಡ್ಡೂ ಹೊರಟುಹೋಗುತ್ತದೆ. ಕುದಿನೀರು ಸುರಿಯಲು ಬಿಡಲೇಬೇಡಿ, ಜಿಡ್ಡು ಕರಗಿ ದಾಟಿಬಿಡುತ್ತದೆ. ಪ್ರತಿ ಪಂಕ್ತಿ ಮುಗಿದ ಮೇಲೆ ಕೆನೆಗಟ್ಟಿದ್ದನ್ನು ಸೌಟಿನಲ್ಲಿ ತೆಗೆಯಿರಿ.

ಮಳೆಗಾಲದ ಕಾರ್ಯಕ್ರಮವಾದರೆ ಮಲೆನಾಡಿನಲ್ಲಿ ಇಂಗುಗುಂಡಿಯನ್ನು ನಂಬುವ ಹಾಗಿಲ್ಲ, ನೆಲವೇ ನೀರುಂಡು ತುಂಬಿರುತ್ತದೆ. ಆಗ ಮುಚ್ಚಿದ ಟ್ಯಾಂಕಿನಲ್ಲಿ ಕೂಡಿಟ್ಟು ಕೊಳಚೆ ಹೀರುವ ಸಕ್ಕಿಂಗ್ ಗಾಡಿಯಲ್ಲಿ ಶುದ್ಧೀಕರಣ ಘಟಕಕ್ಕೇ ಸಾಗಿಸಬೇಕು. ಮಳೆನೀರಿನ ಚರಂಡಿಗೆ ಬಿಟ್ಟದ್ದು ಕೊನೆಗೆ ಸೇರುವುದು ಹೊಳೆಯನ್ನೇ, ಅದರ ಕೆಳಗಿನ ಊರಿನವರು ಕುಡಿಯುವುದೂ ಅದನ್ನೇ.