ಬ್ಯಾಟು ಬಿಟ್ಟು ಓಡಪ್ಪಾ!

ನಿನ್ನೆಯಿಂದ ನನ್ನ ಎಡ ಮೊಣಕಾಲು ಮಡಚಲು ಬರುತ್ತಿಲ್ಲ. ಶಾಲಾ ಸಾಫ್ಟ್‌ಬಾಲ್ ಪಂದ್ಯದಲ್ಲಿ ಕ್ಯಾಚರ್ ಹಿಂದೆ ಅಂಪೈರ್ ಆಗಿ ನಿಂತವರಿಗೆ ಕಾರಣ ಹೇಳಬೇಕಾಗಿಲ್ಲ. ಪಿಚರ್ ಎಸೆದ ಚೆಂಡಿಗೂ ಕ್ಯಾಚರ್‌ನ ಕೈಗೂ ಪರಿಚಯವೇ ಇಲ್ಲದಿದ್ದರೆ ಅದು ಇನ್ನೆಲ್ಲಿಗೆ ಹೋಗಬೇಕು?

ಮಂಡ್ಯದ ಕಡೆ ಕಬಡ್ಡಿ, ಖೋಖೋ, ವಾಲಿಬಾಲ್‌ಗೆ ತಂಡಗಳು ನಾ ಮುಂದು ತಾ ಮುಂದು ಎಂದು ಬರುತ್ತವೆ. ನಿನ್ನೆ ಸಾಫ್ಟ್‌ಬಾಲ್‌ಗೆ ಬಂದದ್ದು ಎರಡೇ ತಂಡ. ಗೆದ್ದರೆ ಜಿಲ್ಲಾ ಮಟ್ಟ, ಸೋತರೂ ದ್ವಿತೀಯ ಸ್ಥಾನದ ಪ್ರಮಾಣಪತ್ರ. ಇಷ್ಟು ಅನುಕೂಲವಿರುವಾಗ ಅಭ್ಯಾಸ ಯಾರಿಗೆ ಬೇಕು? ಕ್ರಿಕೆಟ್ ತಂಡದಲ್ಲಿ ಜಾಗ ಸಿಗದ ಹುಡುಗರನ್ನು ಒಟ್ಟುಹಾಕಿ, ‘ಇದೂ ಅದೇ ಕಣ್ರೋ, ಬ್ಯಾಟು ಮಾತ್ರ ದುಂಡಗಿದೆ’ ಎಂದು ಹೇಳಿ ಮೇಷ್ಟ್ರು ಕರೆತಂದಿದ್ದರು. ಉದ್ಘಾಟನೆಗೆ ಬಂದ ಗಣ್ಯರು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನಿಮ್ಮನ್ನು ನೋಡುವಂತಾಗಲಿ ಎಂದು ಈ ಹುಡುಗರನ್ನು ಹರಸಿದರು. 1996ರ ಅಟ್ಲಾಂಟಾದಿಂದ ಇಂದಿನವರೆಗೆ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಆಡಿದವರು ಮಹಿಳೆಯರು ಮಾತ್ರ. ಹಾರ ಹಾಕಿಸಿಕೊಂಡವರಿಗೆ ಅದನ್ನು ಹೇಳುವವರು ಯಾರು?

ಆಟ ಶುರುವಾಯಿತು ಎನ್ನುವುದಕ್ಕಿಂತ ನಡಿಗೆ ಶುರುವಾಯಿತು ಎನ್ನಬೇಕು. ಚೆಂಡು ಬ್ಯಾಟರ್‌ನ ಕಂಕುಳಿಗೂ ಮೊಣಕಾಲಿಗೂ ನಡುವೆ, ಅವನ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟಿನ ಮೇಲೆ ಬಂದರೆ ಸ್ಟ್ರೈಕ್. ಬ್ಯಾಟರ್ ಬೀಸದೆ ಬಿಟ್ಟ ಉಳಿದದ್ದೆಲ್ಲ ಬಾಲ್. ನಾಲ್ಕು ಬಾಲ್ ಆದರೆ ಬ್ಯಾಟರ್ ಆರಾಮವಾಗಿ ಮೊದಲ ಬೇಸಿಗೆ ನಡೆದುಹೋಗಬಹುದು. ಹೀಗೆ ಮೂರು ಬೇಸುಗಳನ್ನೂ ಸುತ್ತಿ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಪಿಚರ್ ಕೈಯನ್ನು ಗಿರ್ರನೆ ಒಂದು ಸುತ್ತು ತಿರುಗಿಸುತ್ತಿದ್ದ. ಚೆಂಡು ಯಾವ ಕ್ಷಣದಲ್ಲಿ, ಯಾವ ದಿಕ್ಕಿಗೆ ಬಿಡುಗಡೆಯಾಗುವುದೆಂದು ಅವನಿಗೇ ಗೊತ್ತಿರಲಿಲ್ಲ. ಎಣಿಕೆಯ ಯಂತ್ರವಿಲ್ಲದ್ದರಿಂದ ಎಡ ಜೇಬಿನ ಹುಣಸೆ ಬೀಜಗಳನ್ನು ಒಂದೊಂದಾಗಿ ಬಲ ಜೇಬಿಗೆ ದಾಟಿಸುತ್ತಾ ನಿಂತೆ. ಬ್ಯಾಟು ಬೀಸದೆಯೇ ರನ್ನುಗಳು ಬರುತ್ತಲೇ ಇದ್ದವು. ಚೆಂಡೊಮ್ಮೆ ಪಕ್ಕದ ಕಬ್ಬಿನ ಗದ್ದೆಗೆ ಹೋಯಿತು. ಹುಡುಕಲು ಹೋದ ಮೂವರು ಹದಿನೈದು ನಿಮಿಷದ ಮೇಲೆ ಕಬ್ಬು ಸಿಗಿಯುತ್ತಾ ಬಂದರು. ಚೆಂಡು ಸಿಕ್ಕಿತೇ ಎಂದರೆ, ‘ಯಾವ ಚೆಂಡು ಸರ್?’

ಮೂರನೇ ಇನಿಂಗ್ಸ್‌ನಲ್ಲಿ ಒಬ್ಬ ಕಣ್ಣು ಮುಚ್ಚಿಕೊಂಡು ಬೀಸಿದ. ಪವಾಡವೆಂಬಂತೆ ಚೆಂಡು ತಗುಲಿ, ಮೂರನೇ ಬೇಸಿನವನ ಕಾಲಸಂದಿಯಲ್ಲಿ ನುಸುಳಿ ಹೋಯಿತು. ಹುಡುಗ ಬ್ಯಾಟು ಹಿಡಿದೇ ಓಡಿದ. ‘ಬ್ಯಾಟು ಬಿಟ್ಟು ಓಡಪ್ಪಾ!’ ಎಂದು ಕೂಗಿದೆ. ಹೇಗೆ ಬಿಟ್ಟಾನು? ಟಿ.ವಿ.ಯಲ್ಲಿ ಬ್ಯಾಟು ಬಿಸಾಡಿ ಓಡಿದವರನ್ನು ಅವನು ಹುಟ್ಟಿದಾರಭ್ಯ ಕಂಡವನಲ್ಲ. ಮೊದಲ ಬೇಸ್ ಹತ್ತಿರವಾದಂತೆ ಸೊಂಟ ಬಗ್ಗಿಸಿ, ತೋಳು ಚಾಚಿ, ಬ್ಯಾಟಿನ ತುದಿಯನ್ನು ಬೇಸಿಗೆ ಮುಟ್ಟಿಸಿ, ಸರ್ರನೆ ತಿರುಗಿ ನನ್ನತ್ತಲೇ ಓಡಿಬಂದ! ಚೆಂಡಿಗಾಗಿ ಕೈಯೊಡ್ಡಿದ್ದ ಮೊದಲ ಬೇಸಿನವನು ಸೌಜನ್ಯದಿಂದ ದಾರಿ ಬಿಟ್ಟ. ಹುಡುಗ ಹೋಮ್ ಪ್ಲೇಟಿಗೂ ಬ್ಯಾಟು ಮುಟ್ಟಿಸಿ, ಏದುಸಿರಿನಲ್ಲಿ ‘ಎರಡು, ಸರ್’ ಎಂದ. ಚೆಂಡು ಇನ್ನೂ ಬಾರದ್ದನ್ನು ನೋಡಿ ಮೂರನೆಯದಕ್ಕೂ ಹೊರಟಿದ್ದ. ಅಂಗಿ ಹಿಡಿದು ನಿಲ್ಲಿಸಿದೆ.

ಎದುರಾಳಿಗಳನ್ನು ಗೊಂದಲಕ್ಕೀಡುಮಾಡಲೆಂದೋ ಆಟವನ್ನು ಅಣಕಿಸಲೆಂದೋ ಬೇಸುಗಳನ್ನು ಹಿಮ್ಮುಖವಾಗಿ ಓಡಿದವನು ಔಟ್ ಎಂದು ನಿಯಮವಿದೆ. ಪಾಪ, ಇವನಿಗೆ ಎರಡೂ ಉದ್ದೇಶವಿರಲಿಲ್ಲ. ನಿನ್ನೆ ಇಡೀ ಮೈದಾನದಲ್ಲಿ ಅವನಷ್ಟು ಶ್ರದ್ಧೆಯಿಂದ ಓಡಿದವರು ಇನ್ನೊಬ್ಬರಿಲ್ಲ. ಆದರೆ ಗೊಂದಲವಂತೂ ಆಗಿತ್ತು, ಔಟ್ ಕೊಟ್ಟೆ. ಅವರ ಮೇಷ್ಟ್ರು ಧಾವಿಸಿ ಬಂದರು. ‘ಎರಡೂ ಕಡೆ ಬ್ಯಾಟು ಮುಟ್ಟಿಸಿದ್ದಾನಲ್ಲ ಸರ್?’ ನಿಯಮ ಹೇಳಿದೆ. ‘ಹೋಗಲಿ, ಒಂದಾದರೂ ಕೊಡಿ’ ಎಂದು ಸಂತೆಯಲ್ಲಿ ಸೊಪ್ಪಿನ ಕಂತೆ ಹಿಡಿದವರ ಹಾಗೆ ಚೌಕಾಸಿಗಿಳಿದರು. ಅಷ್ಟರಲ್ಲಿ ಸ್ಕೋರು ಬರೆಯಲು ಕೂತಿದ್ದ ಸಮಾಜ ವಿಜ್ಞಾನದ ಮೇಡಂ ಮೇಜಿನಿಂದಲೇ, ‘ಸರ್, ಲೆಗ್ ಬೈ ಎಂದು ಬರೆದುಕೊಳ್ಳಲೇ?’ ಎಂದರು.

ಇದರ ನಡುವೆ ಒಬ್ಬ ಎಡಚ ಹುಡುಗನಿದ್ದ. ಪಂದ್ಯಕ್ಕೆಲ್ಲ ಒಂಬತ್ತೇ ಗ್ಲೌಸು. ಒಂದು ತಂಡ ಕಳಚಿ ನೆಲದ ಮೇಲಿಟ್ಟದ್ದನ್ನು ಇನ್ನೊಂದು ತಂಡ ತೊಡಬೇಕು. ಎಲ್ಲವೂ ಎಡಗೈಯವು. ಇವನಿಗೆ ಎಸೆಯಲು ಬರುವುದೇ ಆ ಕೈಯಲ್ಲಿ. ಎತ್ತರಕ್ಕೆ ಹಾರಿದ ಚೆಂಡಿನ ಹಿಂದೆ ಓಡಿ ಹಿಡಿದ, ಗ್ಲೌಸನ್ನು ಹಲ್ಲಿನಿಂದ ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡ, ಎರಡನೇ ಬೇಸಿಗೆ ನೇರವಾಗಿ ಎಸೆದ. ಅಲ್ಲಿ ಹಿಡಿಯುವವರು ಯಾರೂ ಇರಲಿಲ್ಲ. ಇಂಥ ಕೈಗೆ ಹೊಂದುವ ಒಂದು ಗ್ಲೌಸು ನಮ್ಮ ತಾಲ್ಲೂಕಿನಲ್ಲಿ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅವನ ತಂಡವೇ ಸೋತಿತು. ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ಓದಿಕೊಂಡು ಹೋದ.

ಗೆದ್ದ ತಂಡದ ಮೇಷ್ಟ್ರು ಸಹಿ ಹಾಕಿಸಿಕೊಳ್ಳಲು ನನ್ನ ಬಳಿ ಬಂದರು. ಮುಖ ಗಂಭೀರವಾಗಿತ್ತು. ಜಿಲ್ಲಾ ಮಟ್ಟವೆಂದರೆ ಇಷ್ಟು ಸಲೀಸಲ್ಲ, ಇನ್ನಾದರೂ ತಯಾರಿ ಮಾಡಿಸಬೇಕು ಎಂದರು. ಪರವಾಗಿಲ್ಲವೇ ಎಂದುಕೊಂಡು ಸಹಿ ಹಾಕುತ್ತಿದ್ದೆ. ಅವರು ಹತ್ತಿರ ಬಗ್ಗಿ ಕೇಳಿದರು:

‘ಅಲ್ಲಿ ಎಷ್ಟು ಓವರ್ ಇರುತ್ತದೆ ಸರ್?’